ಆಚಾರ್ಯ ಪ್ರಫುಲ್ಲಚಂದ್ರ ರಾಯರು: ಅಧ್ಯಾಪಕರೊಬ್ಬರ ಸಂಪಾದನೆ

ಉದ್ಯೋಗವನ್ನು ತೂಗುವುದಕ್ಕೆ ಲೋಕದಲ್ಲಿ ಸಾಮಾನ್ಯವಾಗಿ ಒಂದೇ ತಕ್ಕಡಿಯುಂಟು, ಅದು ಸಂಬಳ. ಬಿ.ಎ. ಮುಗಿಸಿದ ಮೇಲೆ ಮೇಷ್ಟ್ರಾಗುತ್ತೇನೆಂದು ನಮ್ಮಲ್ಲಿ ಯಾರಾದರೂ ಹೇಳಿದರೆ, ಮನೆಯ ಹಿರಿಯರು ಬೇಡವೆನ್ನದಿದ್ದರೂ ಅವರ ಮುಖದಲ್ಲಿ ಕೊಂಚ ಮರುಕ ಸುಳಿಯುತ್ತದೆ. ಆ ಮರುಕಕ್ಕೆ ಕಾರಣವಿಲ್ಲದಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದೆ ಜುಟ್ಟಿಗೆ ಮಲ್ಲಿಗೆ ಮುಡಿಯಲಾಗದಷ್ಟೆ. ಆದರೂ ನಾವು ಕಣ್ಣಾರೆ ಕಾಣುವ ಸಂಗತಿಯೊಂದಿದೆ. ಒಂದೇ ಸಂಬಳವನ್ನು ಪಡೆಯುವ ಇಬ್ಬರು ಅಧ್ಯಾಪಕರಲ್ಲಿ ಒಬ್ಬರು ಐದು ವರ್ಷಕ್ಕೇ ಬೇಸತ್ತು ಗಡಿಯಾರವನ್ನು ನೋಡುತ್ತ ಪಾಠ ಹೇಳುತ್ತಾರೆ. ಇನ್ನೊಬ್ಬರು ಮೂವತ್ತು ವರ್ಷ ಕಳೆದ ಮೇಲೂ ಮೊದಲ ದಿನದ ಹುರುಪಿನಿಂದಲೇ ತರಗತಿಗೆ ಬರುತ್ತಾರೆ. ಈ ಎರಡನೆಯವರನ್ನು ಆ ವೃತ್ತಿಯಲ್ಲಿ ಹಿಡಿದು ನಿಲ್ಲಿಸಿರುವುದು ಯಾವುದು? ಇದಕ್ಕೆ ಬರಿಯ ತರ್ಕದಿಂದ ಉತ್ತರ ಹುಡುಕುವುದಕ್ಕಿಂತ ಒಂದು ಬಾಳನ್ನು ನೋಡಿ ತಿಳಿಯುವುದು ಮೇಲು. ೪೭ ವರ್ಷಗಳ ಕಾಲ ಅಧ್ಯಾಪಕರಾಗಿದ್ದು, ಅದರಲ್ಲಿ ಕೊನೆಯ ೧೫ ವರ್ಷಗಳ ಸಂಬಳವನ್ನು ತಮಗಾಗಿ ಮುಟ್ಟದೆಯೇ ದುಡಿದ ಒಬ್ಬರ ಬಾಳು ಇದಕ್ಕೆ ತಕ್ಕುದೆಂದು ತೋರುತ್ತದೆ. ಅವರೇ ಆಚಾರ್ಯ ಪ್ರಫುಲ್ಲಚಂದ್ರ ರಾಯರು.

ಪ್ರಫುಲ್ಲಚಂದ್ರರು ಹುಟ್ಟಿದ್ದು ೧೮೬೧ರ ಆಗಸ್ಟ್ ೨ರಂದು. ಕವಿ ರವೀಂದ್ರನಾಥ ಠಾಕೂರರು ಹುಟ್ಟಿದ್ದೂ ಅದೇ ವರ್ಷ. ಅವರ ಊರು ರಾರುಲಿ. ಆಗ ಅದು ಬಂಗಾಳದ ಜೆಸ್ಸೋರ್ ಜಿಲ್ಲೆಗೆ ಸೇರಿತ್ತು, ಆಮೇಲೆ ಖುಲ್ನಾ ಜಿಲ್ಲೆಗೆ ಸೇರಿತು, ಈಗ ಬಾಂಗ್ಲಾದೇಶದಲ್ಲಿದೆ. ತಂದೆ ಹರಿಶ್ಚಂದ್ರರು ಜಮೀನ್ದಾರರು. ಓದಿನ ರುಚಿ ಬಲ್ಲವರು. ಮನೆಯಲ್ಲಿ ಒಳ್ಳೆಯ ಪುಸ್ತಕ ಭಂಡಾರವಿತ್ತು. ಹಳ್ಳಿಯಲ್ಲಿ ಶಾಲೆಯನ್ನು ತೆರೆದವರೂ ಅವರೇ. ಮಕ್ಕಳಿಗೆ ಹೆಚ್ಚಿನ ವಿದ್ಯೆ ದೊರೆಯಲೆಂದು ಅವರು ಸಂಸಾರವನ್ನೇ ಕಲ್ಕತ್ತೆಗೆ ತಂದರು. ಬಾಲಕ ಪ್ರಫುಲ್ಲಚಂದ್ರನನ್ನು ಹೇರ್ ಶಾಲೆಗೆ ಸೇರಿಸಿದರು.

೧೮೭೪ರಲ್ಲಿ, ಹುಡುಗನಿಗೆ ಹದಿಮೂರು ತುಂಬುವ ಹೊತ್ತಿಗೆ, ಕಠಿಣವಾದ ರಕ್ತಭೇದಿ ಬಂದು ಶಾಲೆ ನಿಂತುಹೋಯಿತು. ಎರಡು ವರ್ಷ ಮನೆಯಲ್ಲಿಯೇ ಇರಬೇಕಾಯಿತು. ಆ ರೋಗದ ಕುರುಹು ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಅಜೀರ್ಣವೂ ನಿದ್ರಾಹೀನತೆಯೂ ಆಜನ್ಮ ಸಂಗಾತಿಗಳಾದುವು. ಆದರೆ ಅದೇ ಎರಡು ವರ್ಷಗಳಲ್ಲಿ ಹುಡುಗ ತಂದೆಯ ಪುಸ್ತಕಗಳನ್ನೆಲ್ಲ ಓದಿದ. ಇತಿಹಾಸ, ಮಹಾಪುರುಷರ ಚರಿತ್ರೆ, ಇಂಗ್ಲಿಷ್ ಸಾಹಿತ್ಯ, ಬಂಗಾಳಿ ಸಾಹಿತ್ಯ, ಎಲ್ಲವೂ ಅವನಿಗೆ ಬೇಕಾಗಿದ್ದುವು. ಲ್ಯಾಟಿನ್ ಭಾಷೆಯನ್ನು ಕಲಿಯಲು ತೊಡಗಿದ್ದೂ ಎಳೆಯ ವಯಸ್ಸಿನಲ್ಲಿಯೇ. ಪರೀಕ್ಷೆಯ ಭಯವಿಲ್ಲದೆ, ಯಾರ ಬಲವಂತವೂ ಇಲ್ಲದೆ ಓದುವುದರಲ್ಲಿ ಎಂಥ ಸುಖವಿದೆಯೆಂಬುದನ್ನು ಅವರು ಕಂಡುಕೊಂಡದ್ದು ಆಗ. ಮುಂದೆ ರಸಾಯನಶಾಸ್ತ್ರಜ್ಞರೆಂದು ಲೋಕಪ್ರಸಿದ್ಧರಾದ ಮೇಲೂ, ತಾವು ಆ ಶಾಸ್ತ್ರಕ್ಕೆ ಬಂದದ್ದು ದಾರಿ ತಪ್ಪಿ ಎಂದು ಅವರು ನಗೆಯಾಡುತ್ತಿದ್ದುದುಂಟು. ನಮ್ಮಂಥ ಕಲಾ ಕಾಲೇಜಿನವರಿಗೆ ಈ ಮಾತು ಪ್ರಿಯವಾಗದೆ ಇರದು.

ಆಲ್ಬರ್ಟ್ ಶಾಲೆಯಲ್ಲಿ ಓದಿ ಪ್ರವೇಶ ಪರೀಕ್ಷೆಯನ್ನು ಮುಗಿಸಿಕೊಂಡ ಅವರು, ಈಶ್ವರಚಂದ್ರ ವಿದ್ಯಾಸಾಗರರು ಕಟ್ಟಿ ಬೆಳೆಸಿದ ಮೆಟ್ರೊಪಾಲಿಟನ್ ಕಾಲೇಜನ್ನು ಸೇರಿದರು. ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರೂ ಒಬ್ಬರು. ಆ ಕಾಲೇಜಿನಲ್ಲಿ ವಿಜ್ಞಾನದ ಪ್ರಯೋಗಗಳಿಗೆ ಅನುಕೂಲವಿರಲಿಲ್ಲವಾಗಿ, ರಸಾಯನಶಾಸ್ತ್ರದ ಪಾಠಕ್ಕೆ ಹೊರಗಿನ ವಿದ್ಯಾರ್ಥಿಯಾಗಿ ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಬೇಕಾಗಿತ್ತು. ಅಲ್ಲಿ ಅಲೆಗ್ಸಾಂಡರ್ ಪೆಡ್ಲರ್ ಎಂಬ ಅಧ್ಯಾಪಕರು ಪ್ರಯೋಗಗಳನ್ನು ಬಹು ಅಂದವಾಗಿ ಮಾಡಿ ತೋರಿಸುತ್ತಿದ್ದರು. ಆ ಪಾಠಗಳಿಗೆ ಮನಸೋತ ತರುಣ, ಗೆಳೆಯನೊಬ್ಬನೊಡನೆ ಸೇರಿ ಬಿಡಾರದ ಕೋಣೆಯಲ್ಲಿಯೇ ಪುಟ್ಟದೊಂದು ಪ್ರಯೋಗಶಾಲೆಯನ್ನು ಹೂಡಿದ. ಒಮ್ಮೆ ಅವರ ಒರಟು ಸಲಕರಣೆ ದೊಡ್ಡ ಸದ್ದು ಮಾಡಿ ಸಿಡಿಯಿತು. ಇಬ್ಬರೂ ಬದುಕಿ ಉಳಿದದ್ದೇ ಪುಣ್ಯ. ಸಾಹಿತ್ಯದ ಹುಚ್ಚಿನ ಹುಡುಗನೊಬ್ಬ ವಿಜ್ಞಾನಕ್ಕೆ ತಿರುಗಿದ್ದು ಒಬ್ಬ ಅಧ್ಯಾಪಕರ ಪಾಠದ ಸೊಗಸಿನಿಂದ. ಈ ಋಣವನ್ನು ಅವರು ಮುಂದೆ ನೂರು ಮಡಿಯಾಗಿ ತೀರಿಸಿದರು.

ಗಿಲ್‌ಕ್ರಿಸ್ಟ್ ವಿದ್ಯಾರ್ಥಿವೇತನಕ್ಕಾಗಿ ಅಖಿಲ ಭಾರತ ಮಟ್ಟದಲ್ಲಿ ನಡೆಯುತ್ತಿದ್ದ ಸ್ಪರ್ಧೆಯಲ್ಲಿ ಗೆದ್ದ ಇಬ್ಬರಲ್ಲಿ ಪ್ರಫುಲ್ಲಚಂದ್ರರು ಒಬ್ಬರು. ೧೮೮೨ರಲ್ಲಿ ಅವರು ಹಡಗು ಹತ್ತಿ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಗುರುಗಳು ಅಲೆಗ್ಸಾಂಡರ್ ಕ್ರಮ್ ಬ್ರೌನ್. ಓದಿನ ನಡುವೆಯೇ, ಸಿಪಾಯಿ ದಂಗೆಗೆ ಮುಂಚಿನ ಮತ್ತು ನಂತರದ ಭಾರತವನ್ನು ಕುರಿತು ವಿಶ್ವವಿದ್ಯಾನಿಲಯದ ಪ್ರಬಂಧ ಸ್ಪರ್ಧೆಗೆ ಬರೆದರು. ಬ್ರಿಟಿಷ್ ಆಡಳಿತವನ್ನು ಅದರಲ್ಲಿ ಖಂಡಿಸಿದ್ದರು. ಬಹುಮಾನ ಬರಲಿಲ್ಲ, ಮೆಚ್ಚಿಕೆ ಬಂತು. ೧೮೮೭ರಲ್ಲಿ ಡಿ.ಎಸ್‌ಸಿ. ಪದವಿಯನ್ನು ಪಡೆದು, ಮರು ವರ್ಷ ಆಗಸ್ಟಿನಲ್ಲಿ ಊರಿಗೆ ಮರಳಿದರು.

ಇಷ್ಟೆಲ್ಲ ಯೋಗ್ಯತೆಯಿದ್ದೂ ಬಂದವರಿಗೆ ಕೆಲಸ ಕಾದಿರಲಿಲ್ಲ. ಸುಮಾರು ಒಂದು ವರ್ಷ ಗೆಳೆಯರಾದ ಜಗದೀಶಚಂದ್ರ ಬೋಸರ ಆಶ್ರಯದಲ್ಲಿ ಕಾಲ ಕಳೆಯಬೇಕಾಯಿತು. ೧೮೮೯ರಲ್ಲಿ ಕೊನೆಗೂ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ತಾತ್ಕಾಲಿಕ ಸಹಾಯಕ ಅಧ್ಯಾಪಕರ ಹುದ್ದೆ ದೊರೆಯಿತು. ತಿಂಗಳಿಗೆ ೨೫೦ ರೂಪಾಯಿ. ಆಗ್ಗೆ ಸರ್ಕಾರದ ವಿದ್ಯಾ ಇಲಾಖೆಯಲ್ಲಿ ಒಂದೇ ಕೆಲಸಕ್ಕೆ ಎರಡು ಶ್ರೇಣಿಗಳಿದ್ದುವು. ಮೇಲಿನ ಶ್ರೇಣಿ ಬಹುಮಟ್ಟಿಗೆ ಇಂಗ್ಲೆಂಡಿನಿಂದ ಬಂದವರಿಗೆ ಮೀಸಲು. ಈ ದೇಶದವರು ಎಷ್ಟೇ ಓದಿದ್ದರೂ ಕೆಳಗಿನ ಶ್ರೇಣಿಗೆ ತೃಪ್ತಿಪಡಬೇಕಾಗಿತ್ತು. ಜಗದೀಶಚಂದ್ರರು ಈ ಅನ್ಯಾಯವನ್ನು ಪ್ರತಿಭಟಿಸಿ ಮೂರು ವರ್ಷ ಸಂಬಳವನ್ನೇ ಮುಟ್ಟದೆ ಪಾಠ ಹೇಳಿದ್ದರು. ಪ್ರಫುಲ್ಲಚಂದ್ರರೂ ಸುಮ್ಮನಿರಲಿಲ್ಲ. ವಿದ್ಯಾ ಇಲಾಖೆಯ ಮುಖ್ಯಾಧಿಕಾರಿಯನ್ನು ಕಂಡು ತಮ್ಮ ಅಹವಾಲನ್ನು ಹೇಳಿಕೊಂಡರು. ಬದುಕಿನಲ್ಲಿ ಬೇರೆ ದಾರಿಗಳೂ ಉಂಟು, ಈ ಕೆಲಸವನ್ನೇ ಮಾಡೆಂದು ಯಾರೂ ಬಲವಂತ ಮಾಡಿಲ್ಲವೆಂಬ ಅರ್ಥದ ಮಾತನ್ನು ಕೇಳಿಕೊಂಡು ಹಿಂದಿರುಗಬೇಕಾಯಿತು.

ಈ ಪ್ರಸಂಗವನ್ನು ನಾವು ಮರೆಯಬಾರದು. ಅಧ್ಯಾಪಕರಿಗೆ ತ್ಯಾಗವೇ ಭೂಷಣ, ಸಂಬಳದ ಮಾತೇಕೆ ಎಂದು ಉಪದೇಶ ಮಾಡುವವರು ಪ್ರಫುಲ್ಲಚಂದ್ರರ ಹೆಸರನ್ನು ಹೇಳುವುದುಂಟು. ಆದರೆ ಅವರು ತಮಗೆ ಸಲ್ಲಬೇಕಾದುದನ್ನು ಮೊದಲು ಕೇಳಿದರು. ಕೊಡದೆ ಇದ್ದಾಗ ನೊಂದರು. ಒಂದೇ ತರಗತಿಯಲ್ಲಿ ಒಂದೇ ಪಾಠವನ್ನು ಹೇಳಿ, ಒಬ್ಬರು ಹೆಚ್ಚು ಒಬ್ಬರು ಕಡಮೆ ಪಡೆಯುವಾಗ ನೋಯುವುದು ಜೇಬಿಗಿಂತ ಮಾನ. ಇಂದು ನಮ್ಮ ನಾಡಿನ ಸರ್ಕಾರಿ ಕಾಲೇಜುಗಳಲ್ಲಿ ಖಾಯಂ ಅಧ್ಯಾಪಕರೂ ಅತಿಥಿ ಉಪನ್ಯಾಸಕರೂ ಅಕ್ಕಪಕ್ಕದ ಕೊಠಡಿಗಳಲ್ಲಿ ಪಾಠ ಹೇಳುವುದನ್ನು ಬಲ್ಲ ನಮಗೆ ಈ ನೋವು ತೀರ ಅಪರಿಚಿತವಲ್ಲ. ಅನ್ಯಾಯವನ್ನು ಅನ್ಯಾಯವೆಂದು ಹೇಳಿದ ಮೇಲೆ ಪ್ರಫುಲ್ಲಚಂದ್ರರು ಮಾಡಿದ್ದೇನು ಎಂಬುದು ಮುಂದಿನ ಪ್ರಶ್ನೆ.

ಅವರು ಮೊದಲು ತಮ್ಮ ತರಗತಿಯನ್ನು ಕಟ್ಟಿದರು. ದೊಡ್ಡ ಅಧ್ಯಾಪಕರು ಮೇಲಿನ ತರಗತಿಗಳನ್ನು ತಮಗಿಟ್ಟುಕೊಂಡು ಹೊಸದಾಗಿ ಸೇರಿದ ಹುಡುಗರನ್ನು ಕಿರಿಯರ ಪಾಲಿಗೆ ಬಿಡುವುದು ಎಲ್ಲೆಲ್ಲಿಯೂ ಉಂಟಷ್ಟೆ. ಪ್ರಫುಲ್ಲಚಂದ್ರರ ಕ್ರಮ ಇದಕ್ಕೆ ವಿರುದ್ಧ. ಕೆಳಗಿನ ತರಗತಿಗಳನ್ನು ಅವರು ಬೇಕೆಂದೇ ತೆಗೆದುಕೊಳ್ಳುತ್ತಿದ್ದರು. ಹಸಿ ಮಣ್ಣಾದರೆ ತಿರುಗಿಸಿದತ್ತ ತಿರುಗೀತು, ಸುಟ್ಟ ಮಡಕೆಯನ್ನು ತಿದ್ದುವುದು ಹೇಗೆ ಎಂಬುದು ಅವರ ಭಾವನೆ. ಪಾಠದ ಮೇಜಿನ ಮೇಲೆ ಪ್ರಯೋಗ ನಡೆಯುತ್ತಿರುವಾಗ, ಆ ವಸ್ತುವನ್ನು ಮೊದಲು ಕಂಡುಹಿಡಿದ ಪ್ರೀಸ್ಟ್ಲಿ, ಲವ್ವಾಸಿಯೆ ಮೊದಲಾದವರ ಬಾಳಿನ ಕಥೆಗಳೂ ಜತೆಜತೆಗೆ ಬರುತ್ತಿದ್ದುವು. ಮೂಳೆಯನ್ನು ಬಿಳಿಯ ಬೂದಿಯಾಗುವಂತೆ ಸುಟ್ಟು, ಅದು ಈಗ ಮೂಳೆಯಲ್ಲ, ಶುದ್ಧವಾದ ಒಂದು ರಾಸಾಯನಿಕ ವಸ್ತು ಎಂದು ಹೇಳಿ, ಚಿಟಿಕೆಯಷ್ಟನ್ನು ತಮ್ಮ ಬಾಯಿಗೇ ಹಾಕಿಕೊಂಡು ತೋರಿಸುತ್ತಿದ್ದರು. ಮಡಿವಂತ ಮನೆಗಳಿಂದ ಬಂದ ಹುಡುಗರು ಆ ದಿನದ ಪಾಠವನ್ನು ಮರೆಯುವುದು ಹೇಗೆ? ಮಾತೃಭಾಷೆಯಲ್ಲಿಯೇ ವಿದ್ಯೆ ಸಾಗಬೇಕೆಂಬುದು ಅವರ ದೃಢವಾದ ನಂಬಿಕೆ. ಬಂಗಾಳಿಯಲ್ಲಿ ವಿಜ್ಞಾನದ ಬರಹಗಳನ್ನೂ ಅವರು ಬರೆದರು.

ಎರಡನೆಯದಾಗಿ, ಅವರು ತಮ್ಮದೇ ಆದ ಕೆಲಸವೊಂದನ್ನು ಹಿಡಿದರು. ಪಾಠ ಹೇಳುವುದು ಎಷ್ಟೇ ಸೊಗಸಾದ ಕೆಲಸವಾದರೂ, ಹೇಳಿದ್ದನ್ನೇ ವರ್ಷವರ್ಷವೂ ಹೇಳುತ್ತಿದ್ದರೆ ಮನಸ್ಸು ಪಾಚಿಗಟ್ಟುತ್ತದೆ. ತರಗತಿ ಮುಗಿದ ಮೇಲೆ ಅವರು ಪ್ರಯೋಗಶಾಲೆಯಲ್ಲಿ ನಿಲ್ಲುತ್ತಿದ್ದರು. ಮೊದಲು ಕೈಗೆತ್ತಿಕೊಂಡದ್ದು ತುಪ್ಪ, ಸಾಸಿವೆ ಎಣ್ಣೆಗಳಂಥ ದಿನಬಳಕೆಯ ಪದಾರ್ಥಗಳ ಪರೀಕ್ಷೆ. ಪೇಟೆಯಲ್ಲಿ ಇವುಗಳಿಗೆ ಕಲಬೆರಕೆ ಆಗಲೂ ಯಥೇಚ್ಛವಾಗಿತ್ತು. ೧೮೯೪ರಲ್ಲಿ ಕಾಲೇಜಿನ ರಸಾಯನ ವಿಭಾಗಕ್ಕೆ ಹೊಸ ಕಟ್ಟಡವಾಯಿತು. ಮರು ವರ್ಷ, ಪಾದರಸದ ಮೇಲೆ ತಣ್ಣನೆಯ ತೆಳು ನೈಟ್ರಿಕ್ ಆಮ್ಲವನ್ನು ಬಿಟ್ಟಿದ್ದಾಗ, ಎದುರು ನೋಡದ ಹಳದಿ ಹರಳುಗಳು ಕಾಣಿಸಿಕೊಂಡುವು. ಪರೀಕ್ಷಿಸಿದಾಗ ಅದು ಮರ್ಕ್ಯುರಸ್ ನೈಟ್ರೈಟ್ ಎಂದು ತಿಳಿಯಿತು. ಬಾಳುವುದೇ ಕಷ್ಟವೆಂದು ತೋರುವ ಎರಡು ಪರಮಾಣುಸಮೂಹಗಳು ಕೂಡಿ ನಿಂತ ವಸ್ತು ಅದು. ೧೮೯೬ರಲ್ಲಿ ಈ ಸಂಗತಿ ಪ್ರಕಟವಾಗಿ, ನೈಟ್ರೈಟ್‌ಗಳ ಅಭ್ಯಾಸ ಅವರಿಗೆ ಬಹುಕಾಲದ ಕೆಲಸವಾಯಿತು. ಜತೆಗೆ ಪ್ರಾಚೀನ ಭಾರತದ ರಸಾಯನವಿದ್ಯೆಯನ್ನು ಸಂಸ್ಕೃತದ ಹಸ್ತಪ್ರತಿಗಳಿಂದ ಹೊರತೆಗೆದು, ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ೧೯೦೨ರಲ್ಲಿಯೂ ೧೯೦೯ರಲ್ಲಿಯೂ ಎರಡು ಸಂಪುಟಗಳಾಗಿ ಹೊರತಂದರು. ಹುಡುಗತನದ ಇತಿಹಾಸದ ಹುಚ್ಚು ಇಲ್ಲಿ ಫಲ ಕೊಟ್ಟಿತು.

ಮೂರನೆಯದು ಇನ್ನೂ ವಿಲಕ್ಷಣವಾದುದು. ಓದಿದ ತರುಣರೆಲ್ಲ ಗುಮಾಸ್ತಗಿರಿಗೂ ವಕೀಲಿಗೂ ಮುಗಿಬೀಳುತ್ತಿದ್ದುದನ್ನು ಕಂಡು ಅವರು ಮರುಗುತ್ತಿದ್ದರು. ಬರಿಯ ಮರುಕದಿಂದ ಏನಾದೀತೆಂದು, ೧೮೯೨ರಲ್ಲಿ ತಾವು ವಾಸವಾಗಿದ್ದ ಅಪ್ಪರ್ ಸರ್ಕ್ಯುಲರ್ ರಸ್ತೆಯ ಬಾಡಿಗೆ ಮನೆಯಲ್ಲಿಯೇ, ಕೆಲವು ನೂರು ರೂಪಾಯಿಗಳ ಬಂಡವಾಳದಿಂದ, ಔಷಧಿಗಳನ್ನು ತಯಾರಿಸುವ ಕೆಲಸವನ್ನು ಆರಂಭಿಸಿದರು. ಅದೇ ಬೆಂಗಾಲ್ ಕೆಮಿಕಲ್ಸ್. ರಂಜಕದ ಲವಣಕ್ಕಾಗಿ ತರಿಸಿದ ಮೂಳೆಗಳನ್ನು ಮಾಳಿಗೆಯ ಮೇಲೆ ಒಣಗಹಾಕಿ, ಕಾಗೆಗಳ ಹಾವಳಿಯನ್ನೂ ನೆರೆಯವರ ಬೈಗುಳವನ್ನೂ ತಾಳಿಕೊಂಡರು. ಕಾಲೇಜಿನಿಂದ ಬಂದ ಮೇಲೆ ಅಂಗಿಯ ತೋಳನ್ನು ಮಡಿಸಿ ಈ ಕೆಲಸಕ್ಕೆ ನಿಲ್ಲುತ್ತಿದ್ದರು. ೧೯೦೧ರಲ್ಲಿ ಅದು ಲಿಮಿಟೆಡ್ ಕಂಪೆನಿಯಾಯಿತು. ಬದುಕಿಗೆ ಬೇರೆ ದಾರಿಗಳುಂಟೆಂದು ಅಧಿಕಾರಿ ಹೇಳಿದ ಮಾತಿಗೆ ಇದೊಂದು ಉತ್ತರದಂತಿತ್ತು. ಬೇರೆ ದಾರಿಯನ್ನು ಸ್ವತಃ ಕಡಿದು ತೋರಿಸಿದ ಮೇಲೂ ಅವರು ಅಧ್ಯಾಪಕವೃತ್ತಿಯನ್ನು ಬಿಟ್ಟು ಹೋಗಲಿಲ್ಲವೆಂಬುದು ಗಮನಾರ್ಹ. ಹಣಕ್ಕಾಗಿಯೇ ಆಗಿದ್ದರೆ ಅವರು ಅಂದೇ ಕಾಲೇಜಿನ ಬಾಗಿಲನ್ನು ದಾಟಿ ಹೋಗಬಹುದಾಗಿತ್ತು.

ಈ ಕಾಲದ ಅವರ ಜೀವನಕ್ಕೆ ಗಾಂಧೀಜಿಯವರ ಆತ್ಮಕಥೆಯಲ್ಲಿ ಒಂದು ಸಾಕ್ಷಿಯಿದೆ. ೧೯೦೧ರ ಕೊನೆಯಲ್ಲಿ ಕಾಂಗ್ರೆಸ್ ಅಧಿವೇಶನಕ್ಕೆಂದು ಕಲ್ಕತ್ತೆಗೆ ಬಂದ ಗಾಂಧೀಜಿ, ಗೋಖಲೆಯವರೊಡನೆ ಸುಮಾರು ಒಂದು ತಿಂಗಳು ತಂಗಿದ್ದರು. ಪ್ರಫುಲ್ಲಚಂದ್ರರ ಬಿಡಾರ ಹತ್ತಿರದಲ್ಲಿಯೇ ಇತ್ತು. ಬಂದು ಹೋಗುವುದು ಪದೇ ಪದೇ ನಡೆಯುತ್ತಿತ್ತು. ಗೋಖಲೆಯವರು ಅವರನ್ನು ಪರಿಚಯ ಮಾಡಿಕೊಟ್ಟದ್ದು ಹೀಗೆ: ತಿಂಗಳಿಗೆ ೮೦೦ ರೂಪಾಯಿ ಸಂಬಳ ಬಂದರೆ ೪೦ ರೂಪಾಯಿಯನ್ನು ಮಾತ್ರ ತಮಗಿಟ್ಟುಕೊಂಡು ಉಳಿದುದನ್ನೆಲ್ಲ ಸಾರ್ವಜನಿಕ ಕಾರ್ಯಕ್ಕೆ ಕೊಡುವವರು ಇವರು; ಮದುವೆಯಾಗಿಲ್ಲ, ಆಗುವ ಇಚ್ಛೆಯೂ ಇಲ್ಲ. ೧೯೦೨ರ ಜನವರಿಯಲ್ಲಿ ಆಲ್ಬರ್ಟ್ ಹಾಲಿನಲ್ಲಿ ಗಾಂಧೀಜಿಯವರ ಭಾಷಣವನ್ನು ಏರ್ಪಡಿಸುವುದಕ್ಕೆ ಓಡಾಡಿದವರಲ್ಲಿಯೂ ಪ್ರಫುಲ್ಲಚಂದ್ರರು ಮುಂದಾಗಿದ್ದರು. ಆಗಿನ್ನೂ ದಕ್ಷಿಣ ಆಫ್ರಿಕದ ಭಾರತೀಯರ ಕಷ್ಟ ನಮ್ಮ ದೇಶದಲ್ಲಿ ಬಹುಮಂದಿಗೆ ತಿಳಿದಿರಲಿಲ್ಲ.

ಹೀಗೆ ಇಪ್ಪತ್ತು ವರ್ಷಗಳು ಕಳೆದುವು. ಪ್ರಯೋಗಶಾಲೆಯಲ್ಲಿ ಬಹುಕಾಲ ಅವರದು ಬಹುಮಟ್ಟಿಗೆ ಒಂಟಿ ದುಡಿಮೆ. ನಮ್ಮ ಹುಡುಗರಿಗೆ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದೊಂದೇ ಗುರಿ, ಸಂಶೋಧನೆಯ ಮನಸ್ಸಿಲ್ಲ ಎಂಬ ಮಾತು ಎಲ್ಲ ಕಡೆಯೂ ಇತ್ತು. ಅವರಿಗೂ ಆ ಚಿಂತೆಯಿತ್ತು. ಅನಂತರ ೧೯೦೯ನೆಯ ವರ್ಷ ಬಂತು. ಆ ವರ್ಷ ಪ್ರೆಸಿಡೆನ್ಸಿ ಕಾಲೇಜಿಗೆ ಸೇರಿದ ಹುಡುಗರ ತಂಡದಲ್ಲಿ ಜ್ಞಾನಚಂದ್ರ ಘೋಷ್, ಜ್ಞಾನೇಂದ್ರನಾಥ ಮುಖರ್ಜಿ, ಸತ್ಯೇಂದ್ರನಾಥ ಬೋಸ್ ಇದ್ದರು. ಡಾಕಾ ಕಡೆಯ ಹಳ್ಳಿಯ ಸಣ್ಣ ಅಂಗಡಿಕಾರರ ಮಗ ಮೇಘನಾದ ಸಾಹಾ ಮುಂದೆ ಅವರನ್ನು ಬಂದು ಕೂಡಿಕೊಂಡನು. ನೀಲರತನ ಧರ್ ಅವರಿಗಿಂತ ಸ್ವಲ್ಪ ಹಿರಿಯ. ಪ್ರಫುಲ್ಲಚಂದ್ರರು ತಮ್ಮ ಆತ್ಮಕಥೆಯಲ್ಲಿ ಈ ತಂಡದ ಹೆಸರುಗಳನ್ನು ಹೇಳುವಾಗ ಅವರ ಸಂತೋಷ ಅಡಗಿರುವುದಿಲ್ಲ. ತಂದೆಯೊಬ್ಬನು ಮಕ್ಕಳ ಜಾತಕವನ್ನು ತೆಗೆದು ತೋರಿಸುವಂತೆ ಒಬ್ಬೊಬ್ಬರ ಕೆಲಸವನ್ನೂ ಎಣಿಸುತ್ತಾರೆ. ೧೯೧೨ರಲ್ಲಿ ಇಂಗ್ಲೆಂಡಿಗೆ ಹೋದಾಗ, ಅಮೋನಿಯಂ ನೈಟ್ರೈಟನ್ನು ಕುರಿತು ಅವರು ಲಂಡನ್ನಿನ ರಸಾಯನ ಸಂಘದ ಮುಂದಿಟ್ಟ ಕೆಲಸದಲ್ಲಿ ನೀಲರತನರ ಕೈಯೂ ಇತ್ತು.

ಈ ಶಿಷ್ಯರು ಮುಂದೆ ಏನಾದರೆಂಬುದನ್ನು ಸ್ವಲ್ಪ ನೋಡಬೇಕು. ಜ್ಞಾನಚಂದ್ರರು ೧೯೧೮ರಲ್ಲಿ ಪ್ರಬಲ ವಿದ್ಯುದ್ವಿಭಾಜ್ಯಗಳನ್ನು ಕುರಿತ ಸಿದ್ಧಾಂತದಿಂದ ಹೆಸರಾದರು. ಮೇಘನಾದರು ೧೯೨೦ರಲ್ಲಿ ನಕ್ಷತ್ರಗಳ ಬೆಳಕಿನ ಗೆರೆಗಳಿಂದ ಅವುಗಳ ಶಾಖವನ್ನು ಅರಿಯುವ ಸೂತ್ರವನ್ನು ಕೊಟ್ಟರು. ಸತ್ಯೇಂದ್ರನಾಥರು ೧೯೨೪ರಲ್ಲಿ ಬರೆದ ಲೇಖನವನ್ನು ಐನ್‌ಸ್ಟೈನರೇ ಜರ್ಮನ್ ಭಾಷೆಗೆ ತಿರುಗಿಸಿ ಅಚ್ಚು ಮಾಡಿಸಿದರು. ಮುಖರ್ಜಿಯವರು ಕಲಿಲಗಳ ಅಭ್ಯಾಸದಲ್ಲಿ, ಧರ್ ಅವರು ಅಲಹಾಬಾದಿನಲ್ಲಿದ್ದುಕೊಂಡು ಮಣ್ಣಿನ ಅಭ್ಯಾಸದಲ್ಲಿ ಖ್ಯಾತಿ ಪಡೆದರು. ಸಾಹಾ ಮತ್ತು ಬೋಸರು ಗುರುವಿನ ಶಾಸ್ತ್ರವನ್ನು ಬಿಟ್ಟು ಭೌತಶಾಸ್ತ್ರಕ್ಕೆ ಹೋದವರು. ಗುರುವಿಗೆ ಅದರಿಂದ ಮುನಿಸಿಲ್ಲ. ಶಿಷ್ಯನ ಕೈಯಲ್ಲಿ ಸೋಲುವುದೇ ಗುರುವಿಗೆ ಗೆಲವೆಂಬ ನಮ್ಮ ಹಿಂದಿನವರ ಭಾವನೆಯನ್ನು ಅವರು ತಮ್ಮದನ್ನಾಗಿ ಮಾಡಿಕೊಂಡಿದ್ದರು. ೧೯೧೬ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದಾಗ ವಿದ್ಯಾರ್ಥಿಗಳು ಬೀಳ್ಕೊಡುಗೆಯ ಸಭೆ ಮಾಡಿದರು. ಆಗ ಅವರು ನೆನೆದದ್ದು ಪ್ರಾಚೀನ ರೋಮಿನ ಕಾರ್ನೀಲಿಯಾ ಎಂಬ ತಾಯಿಯನ್ನು. ಒಡವೆಗಳೆಲ್ಲಿ ಎಂದು ಕೇಳಿದವರಿಗೆ ಆಕೆ ತನ್ನ ಮಕ್ಕಳನ್ನು ತೋರಿಸಿದಳಂತೆ. ಇಷ್ಟು ವರ್ಷ ದುಡಿದು ಗಳಿಸಿದ ಆಸ್ತಿಯೇನೆಂದು ಯಾರಾದರೂ ಕೇಳಿದರೆ ತಾವೂ ಹಾಗೆಯೇ ತಮ್ಮ ಶಿಷ್ಯರನ್ನು ತೋರಿಸುವುದಾಗಿ ಅವರು ಹೇಳಿದರು.

ನಿವೃತ್ತಿಯೆಂಬುದು ಅವರಿಗೆ ಕೆಲಸದ ಸ್ಥಳವನ್ನು ಬದಲಾಯಿಸಿದ್ದು ಮಾತ್ರ. ಕುಲಪತಿಗಳಾಗಿದ್ದ ಆಶುತೋಷ ಮುಖರ್ಜಿಯವರು, ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷರ ದಾನದಿಂದ ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ ವಿಜ್ಞಾನ ಕಾಲೇಜನ್ನು ಕಟ್ಟುತ್ತಿದ್ದರು. ಪ್ರಫುಲ್ಲಚಂದ್ರರು ಅಲ್ಲಿ ಪಾಲಿತ್ ಪೀಠದ ರಸಾಯನಶಾಸ್ತ್ರ ಪ್ರಾಧ್ಯಾಪಕರಾದರು. ಮರು ವರ್ಷ ಪಾಲಿತ್ ಪೀಠದ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ಬಂದವರು, ಮುಂದೆ ನಮ್ಮ ಬೆಂಗಳೂರಿನವರೇ ಆದ ಸಿ.ವಿ. ರಾಮನ್ನರು. ಕಾಲೇಜಿನಲ್ಲಿಯೇ ಒಂದು ಕೋಣೆಯನ್ನು ಪ್ರಫುಲ್ಲಚಂದ್ರರು ತಮ್ಮ ಮನೆ ಮಾಡಿಕೊಂಡರು. ಒಂದು ಮಂಚ, ಪುಸ್ತಕಗಳು, ಕೆಲವೇ ಬಟ್ಟೆಗಳು; ಜತೆಗೆ ಒಬ್ಬರಲ್ಲ ಒಬ್ಬರು ಬಡ ವಿದ್ಯಾರ್ಥಿಗಳು. ಬೆಳಗ್ಗೆ ಓದು, ಆಮೇಲೆ ಪ್ರಯೋಗಶಾಲೆ, ಸಂಜೆ ಮೈದಾನದಲ್ಲಿ ಕುಳಿತು ಗೆಳೆಯರೊಡನೆಯೂ ಶಿಷ್ಯರೊಡನೆಯೂ ಮಾತು. ದುರ್ಬಲವಾದ ದೇಹದಿಂದ ಅಷ್ಟು ಕೆಲಸವನ್ನು ತೆಗೆದದ್ದು ಈ ತಪ್ಪದ ದಿನಚರಿಯ ಬಲದಿಂದ.

೧೯೨೧ರಲ್ಲಿ ಅರುವತ್ತು ತುಂಬಿತು. ಆಗ ಅವರು, ಅಲ್ಲಿಂದ ಮುಂದೆ ತಮಗೆ ಬರುವ ಸಂಬಳವನ್ನೆಲ್ಲ ರಸಾಯನ ವಿಭಾಗದ ಏಳಿಗೆಗಾಗಿ ವಿಶ್ವವಿದ್ಯಾನಿಲಯಕ್ಕೇ ಬಿಟ್ಟುಕೊಟ್ಟರು. ಕೆಲಸವನ್ನು ಬಿಡಲಿಲ್ಲ, ೧೯೩೬ರಲ್ಲಿ ಎಪ್ಪತ್ತೈದನೆಯ ವಯಸ್ಸಿನವರೆಗೆ ಆ ಪೀಠದಲ್ಲಿ ಮುಂದುವರಿದರು. ಒಮ್ಮೆ ಸಂಬಳದ ತಾರತಮ್ಯವನ್ನು ಪ್ರಶ್ನಿಸಿ ಅಧಿಕಾರಿಯ ಬಾಗಿಲಿಗೆ ಹೋಗಿದ್ದವರು ಇವರೇ ಎಂಬುದನ್ನು ಇಲ್ಲಿ ನೆನೆಯಬೇಕು. ಇತರರು ಕಿತ್ತುಕೊಂಡಾಗ ಅವರು ಒಪ್ಪಲಿಲ್ಲ. ತಾವಾಗಿ ಕೊಟ್ಟಾಗ ಲೆಕ್ಕವಿಡಲಿಲ್ಲ. ಇವೆರಡೂ ಬೇರೆ ಬೇರೆ.

ಪ್ರಯೋಗಶಾಲೆಯ ಗೋಡೆಯೊಳಗೇ ಅವರ ಬಾಳು ಮುಗಿಯಲಿಲ್ಲ. ೧೯೨೧ರಲ್ಲಿ ಖುಲ್ನಾದಲ್ಲಿ ಕ್ಷಾಮ ತಲೆದೋರಿದಾಗಲೂ, ೧೯೨೨ರಲ್ಲಿ ಉತ್ತರ ಬಂಗಾಳ ಪ್ರವಾಹದಲ್ಲಿ ಮುಳುಗಿದಾಗಲೂ ಪರಿಹಾರ ಕಾರ್ಯದ ಹೊಣೆಯನ್ನು ಹೊತ್ತವರು ಅವರು. ವಿಜ್ಞಾನ ಕಾಲೇಜೇ ಪರಿಹಾರ ಸಮಿತಿಯ ಕಚೇರಿಯಾಯಿತು. ಅಧ್ಯಾಪಕರೂ ವಿದ್ಯಾರ್ಥಿಗಳೂ ಬಟ್ಟೆ ಧಾನ್ಯಗಳ ಮೂಟೆ ಕಟ್ಟಿದರು. ತರುಣ ಸುಭಾಷಚಂದ್ರ ಬೋಸರು ನೆರೆ ಬಂದ ಊರುಗಳಲ್ಲಿ ದುಡಿದರು. ಖಾದಿಯ ಪ್ರಚಾರಕ್ಕಾಗಿಯೂ ಪ್ರಫುಲ್ಲಚಂದ್ರರು ಊರೂರು ತಿರುಗಿದರು. ೧೯೨೪ರಲ್ಲಿ ಭಾರತೀಯ ರಸಾಯನ ಸಂಘ ಸ್ಥಾಪನೆಯಾದಾಗ ಅವರೇ ಮೊದಲ ಅಧ್ಯಕ್ಷರು. ಮುಪ್ಪಿನಲ್ಲಿ ಮತ್ತೆ ಷೇಕ್ಸ್‌ಪಿಯರನ ಕಡೆಗೆ ತಿರುಗಿ ಅವನನ್ನು ಕುರಿತು ಲೇಖನಗಳನ್ನು ಬರೆದರು. ಹದಿಮೂರರ ಹುಡುಗ ಹಾಸಿಗೆಯಲ್ಲಿ ಮಲಗಿ ಹಚ್ಚಿಕೊಂಡಿದ್ದ ಗೀಳು ಬಿಟ್ಟಿರಲೇ ಇಲ್ಲ. ೧೯೪೪ರ ಜೂನ್ ೧೬ರಂದು, ವಿಜ್ಞಾನ ಕಾಲೇಜಿನ ಅದೇ ಕೋಣೆಯಲ್ಲಿ, ಶಿಷ್ಯರ ನಡುವೆ ಅವರು ಕಾಲವಾದರು.

ಇನ್ನು ಆರಂಭದಲ್ಲಿ ಎತ್ತಿದ ಪ್ರಶ್ನೆಗೆ ಬರೋಣ. ಈ ಬಾಳಿನಿಂದ ನಮಗೆ ಕಾಣುವ ಉತ್ತರವೇನು? ಪ್ರಫುಲ್ಲಚಂದ್ರರನ್ನು ಹಿಡಿದು ನಿಲ್ಲಿಸಿದ್ದು ಒಂದೇ ಒಂದು ಸಂಗತಿಯಲ್ಲ. ತರಗತಿಯ ಹೊರಗೆ ಅವರಿಗೆ ತಮ್ಮದೇ ಆದ ಒಂದು ಜಿಜ್ಞಾಸೆಯಿತ್ತು. ಆದಕಾರಣ ಅವರ ಪಾಠ ಹಳಸಲಿಲ್ಲ. ಹೆಗಲೆಣೆಯಾಗಿ ನಿಲ್ಲುವ ಜತೆಗಾರರಿದ್ದರು. ಕೆಲಸವಿಲ್ಲದಾಗ ಜಗದೀಶಚಂದ್ರರು, ಕೊನೆಗಾಲದಲ್ಲಿ ನಂಬಿ ಅಧಿಕಾರ ಕೊಟ್ಟ ಆಶುತೋಷರು. ತಾವು ಕಲಿಸುವುದರಿಂದ ಊರಿಗೆ ಏನಾದರೂ ಉಪಯೋಗವಾಗುತ್ತಿದೆಯೆಂಬ ನಂಬಿಕೆಯಿತ್ತು. ಎಲ್ಲಕ್ಕೂ ಮಿಗಿಲಾಗಿ, ಕಲಿಸಿದ್ದು ಇನ್ನೊಬ್ಬರಲ್ಲಿ ಬೆಳೆಯುವುದನ್ನು ಕಣ್ಣಾರೆ ಕಾಣುವ ಭಾಗ್ಯ ಅವರಿಗೆ ದೊರೆಯಿತು. ಅದಕ್ಕಾಗಿ ಅವರು ಇಪ್ಪತ್ತು ವರ್ಷ ಕಾದರು ಎಂಬುದನ್ನೂ ಸೇರಿಸಿ ಹೇಳಬೇಕು.

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಅವರು ಸಂಸಾರ ಹೂಡದವರು. ನಲವತ್ತು ರೂಪಾಯಿಯಲ್ಲಿ ಬಾಳುವುದು ಅವರಿಗೆ ಸಾಧ್ಯವಾದದ್ದು ಅದರಿಂದಲೇ. ಮಕ್ಕಳ ಶಾಲೆಯ ಫೀಸು, ತಂದೆತಾಯಿಗಳ ಔಷಧಿಯ ಖರ್ಚು, ಮನೆಯ ಬಾಡಿಗೆ ಇವುಗಳ ನಡುವೆ ಇರುವ ಅಧ್ಯಾಪಕರಿಗೆ ಅವರ ಬಾಳನ್ನು ಹಾಗೆಯೇ ಅಳತೆಗೋಲಾಗಿ ಹಿಡಿಯುವುದು ನ್ಯಾಯವಲ್ಲ. ಸಂಬಳ ಸರಿಯಾಗಿ ಸಲ್ಲಬೇಕಾದುದು ಮೊದಲು. ಸಂಬಳದ ಆಚೆಯ ತೃಪ್ತಿಯ ಮಾತು ಶೋಭಿಸುವುದು ಅದಾದ ಮೇಲೆ. ಆದರೆ ಸಂಬಳ ಸರಿಯಾಗಿದ್ದಾಗಲೂ ಅದೊಂದರಿಂದಲೇ ಆ ತೃಪ್ತಿ ಬಾರದೆಂಬುದೂ ಅಷ್ಟೇ ನಿಜ.

ಇದರಲ್ಲಿ ವಿದ್ಯಾರ್ಥಿಗಳಾದ ನಮ್ಮ ಪಾಲೂ ಒಂದಿದೆ. ಸಂಬಳವನ್ನು ಸರ್ಕಾರ ಕೊಡಬೇಕು. ಗ್ರಂಥಾಲಯ, ಪ್ರಯೋಗಶಾಲೆಗಳನ್ನು ಆಡಳಿತದವರು ಒದಗಿಸಬೇಕು. ಆದರೆ ಪ್ರಫುಲ್ಲಚಂದ್ರರು ತಮ್ಮ ಆಸ್ತಿಯೆಂದು ತೋರಿಸಿದ್ದನ್ನು ಸರ್ಕಾರವಾಗಲಿ ಆಡಳಿತವಾಗಲಿ ಕೊಡಬಲ್ಲುದೆ? ೧೯೦೯ರ ಆ ಹುಡುಗರು ಗುರುವಿಗೆ ಹಾರ ಹಾಕಿದ್ದಕ್ಕಿಂತ, ಅವರು ಎತ್ತಿದ ಪ್ರಶ್ನೆಗಳನ್ನು ತಮ್ಮ ಪ್ರಶ್ನೆಗಳನ್ನಾಗಿ ಮಾಡಿಕೊಂಡದ್ದು ದೊಡ್ಡ ಕಾಣಿಕೆ. ನಾವೆಲ್ಲರೂ ಸಾಹಾ, ಬೋಸರಾಗಲಾರೆವು. ಆದರೆ ನೋಟ್ಸಿನ ಆಚೆಗೆ ಒಂದು ಪುಸ್ತಕವನ್ನು ಓದಿಕೊಂಡು ಬಂದು, ಪಾಠ ಮುಗಿದ ಮೇಲೆ ಒಂದು ಪ್ರಶ್ನೆಯನ್ನು ಕೇಳುವುದು ಯಾರ ಕೈಲಾದರೂ ಆಗುವಂಥದು. ಆ ಒಂದು ಪ್ರಶ್ನೆಗಾಗಿ ಎಷ್ಟು ಜನ ಅಧ್ಯಾಪಕರು ಎಷ್ಟು ವರ್ಷಗಳಿಂದ ಕಾದಿದ್ದಾರೆಯೋ ನಮಗೆ ತಿಳಿಯದು.

ಜ್ಞಾನಚಂದ್ರ ಘೋಷರು ೧೯೩೯ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ನಿರ್ದೇಶಕರಾಗಿ ಬಂದು ೧೯೪೮ರವರೆಗೆ ಅಲ್ಲಿದ್ದರು. ಆಮೇಲೆ ಖರಗಪುರದ ತಾಂತ್ರಿಕ ವಿದ್ಯಾಸಂಸ್ಥೆಗೆ ಮೊದಲ ನಿರ್ದೇಶಕರಾದರು. ಅವರು ಬೆಂಗಳೂರಿನಲ್ಲಿದ್ದಾಗಲೇ ಕಲ್ಕತ್ತೆಯಲ್ಲಿ ಗುರುಗಳು ತೀರಿಕೊಂಡರು. ರಾರುಲಿಯೆಂಬ ಹಳ್ಳಿಯಲ್ಲಿ ಹುಟ್ಟಿ, ಪಾಠವೊಂದರ ಸೊಗಸಿಗೆ ಮನಸೋತು ಅಧ್ಯಾಪಕರಾದವರ ಗಳಿಕೆಯ ಒಂದು ಪಾಲು, ಹೀಗೆ, ನಮ್ಮ ನಾಡಿಗೂ ಸಂದಿತು.